ಅರವತ್ತು ಸೇರು

ಹಿತ್ತಲ ಸೌದೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಗೋವಿಂದಯ್ಯನಿಗೆ ಬೆಳಗಿನಿಂದ ಇಳಿಯದ ಈ ಸಿಟ್ಟು ಯಾರ ಮೇಲಿನದೆಂದು ಗೊತ್ತಾಗುತ್ತಿರಲಿಲ್ಲ. ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಬಡಗಿಯ ಡಬ್ಬದಿಂದ ಉದುರಿದ ತಿರುಪುಗಳ ಹಾಗಿದ್ದ ಆ ಹಾಳು ಪಾಸ್ತಾ ನೀರಿನೊಳಗೆ ಮೇಲೆದ್ದು, ಮಗುಚಿ, ಮತ್ತೆ ಮುಳುಗುತ್ತಿತ್ತು. ಒಂದು ಪಾವು ಅಳೆದು ಹಾಕಿದ್ದ. ಬೆಂದ ಮೇಲೆ ಅದು ಎಷ್ಟು ಪಾವಾಗುತ್ತದೆಂದು ನೋಡಬೇಕಿತ್ತು. ಅಕ್ಕಿಯಾಗಿದ್ದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಹೊಸ ಅಕ್ಕಿ ಎಷ್ಟು, ಹಳೆ ಅಕ್ಕಿ ಎಷ್ಟು, ಹುಲ್ಲಹಳ್ಳಿ ನಾಲೆ ಬಯಲಿನ ದಪ್ಪಕ್ಕಿ ಎಷ್ಟು ಉಬ್ಬುತ್ತದೆ, ಪೇಟೆಯ ಸಣ್ಣಕ್ಕಿ ಎಷ್ಟು ಮೋಸ ಮಾಡುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಸಾವಿರ ಜನದ ಊಟಕ್ಕೆ ಒಂದು ಕಾಗದ ಪೆನ್ನು ಮುಟ್ಟದೆ ಅಂದಾಜು ಹೇಳಿದವನು ಅರವತ್ತೆರಡನೇ ವಯಸ್ಸಿನಲ್ಲಿ ಒಂದು ಪಾವು ತಿರುಪು ಬೇಯಿಸಿಕೊಂಡು ಕೂತಿದ್ದೀನಲ್ಲ ಎಂದು ಅವನ ಮೈ ಉರಿಯುತ್ತಿತ್ತು. ಹೆಂಡತಿ ದೇವೀರಮ್ಮ ಎರಡು ಸಲ ಬಾಗಿಲಿಗೆ ಬಂದು ನೋಡಿ, ಗ್ಯಾಸಿನ ಮೇಲೆ ಇಡಬಾರದಿತ್ತೇ ಎಂದು ಕೇಳಿ ಒಳಕ್ಕೆ ಹೋಗಿದ್ದಳು.

ಇದನ್ನು ತಂದುಕೊಟ್ಟವಳು ತಮ್ಮ ಮಹದೇವಯ್ಯನ ಮಗಳು ದಿವ್ಯ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ನಿನ್ನೆ ಡ್ಯೂಟಿ ಮುಗಿಸಿಕೊಂಡು ಸ್ಕೂಟಿಯಲ್ಲಿ ಹಳ್ಳಿಗೆ ಬಂದಿದ್ದಳು. ಮುಂದಿನ ಭಾನುವಾರ ಅವಳ ಮಗುವಿಗೆ ಮೊದಲ ವರ್ಷದ ಹುಟ್ಟುಹಬ್ಬ, ನಂಜನಗೂಡಿನಲ್ಲಿ ಅಪ್ಪನ ಮನೆಯ ಪಕ್ಕದ ಸೈಟಿನಲ್ಲಿ ಶಾಮಿಯಾನ, ಊಟಕ್ಕೆ ಮೈಸೂರಿನ ಕೇಟರಿಂಗಿನವರು. ಅದನ್ನೆಲ್ಲ ಗೋವಿಂದಯ್ಯ ಆಗಲೇ ಬೇರೆಯವರ ಬಾಯಲ್ಲಿ ಕೇಳಿದ್ದ. ತಲೆಗೆ ಇಷ್ಟು ಎಂದು ಪ್ಲೇಟಿನ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟಾಗಿದೆಯಂತೆ, ಅಂದಾಜು ಹೇಳುವ ಮನುಷ್ಯನೇ ಬೇಡವಂತೆ. ಕೇಳಿದ ದಿನ ಅವನು ರಾತ್ರಿಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟಿದ್ದ. ದಿವ್ಯ ಈಗ ಹೇಳಿದ್ದು ಬೇರೆ ವಿಷಯ. ಕಾರ್ಖಾನೆಯ ಗೆಳತಿಯರಿಗಾಗಿ ಒಂದು ಪದಾರ್ಥ ತಾನೇ ಮಾಡುತ್ತಾಳಂತೆ, ಪಾಸ್ತಾ ಸಲಾಡ್. ಪಾಸ್ತಾ ಬೇಯಿಸಿ, ಆರಿಸಿ, ಸೌತೆಕಾಯಿ, ಟೊಮೆಟೊ, ಜೋಳದ ಕಾಳು, ನಿಂಬೆಹುಳಿ, ಮೆಣಸಿನಪುಡಿ, ಎಣ್ಣೆ ಹಾಕಿ ಕಲಸುವುದು, ನಮ್ಮ ಕೋಸಂಬರಿ ಇದ್ದ ಹಾಗೆ. ಎಷ್ಟು ಮಾಡಬೇಕೆಂದು ತಿಳಿಯದೆ ಸೈಬರ್ ಸೆಂಟರಿಗೆ ಹೋಗಿ ನೋಡಿದ್ದಳು.

‘ತಲೆಗೆ ನೂರು ಗ್ರಾಂ ಅಂತ ಬರ್ದಿದ್ದಾರೆ ದೊಡ್ಡಪ್ಪ. ನಮ್ಮ ಜನದ ತಲೆ ಅವರಿಗೇನು ಗೊತ್ತು? ನೀವು ಹೇಳಿ,’ ಎಂದು ನಕ್ಕಿದ್ದಳು.

ಆ ನಗು ಯಾವ ಜಾತಿಯದೆಂದು ಗೋವಿಂದಯ್ಯ ಇಡೀ ರಾತ್ರಿ ಯೋಚಿಸಿದ್ದ. ಮುದುಕನನ್ನು ಸಮಾಧಾನ ಮಾಡಲು ಒಂದು ಆಟದ ಸಾಮಾನು ಕೊಟ್ಟಳೋ? ಅನ್ನ ಸಾರು ಪಾಯಸ ಎಲ್ಲ ಮೈಸೂರಿನವನಿಗೆ, ಹೆಸರು ಗೊತ್ತಿಲ್ಲದ ತಣ್ಣನೆಯ ತಿಂಡಿ ದೊಡ್ಡಪ್ಪನಿಗೆ. ಅಥವಾ ಅವಳಿಗೆ ಗೊತ್ತೋ? ಎಲ್ಲ ಗೊತ್ತಿದ್ದು, ಈಗ ಏನು ಹೇಳುತ್ತಾನೋ ನೋಡೋಣವೆಂದು ಬಂದಿದ್ದಳೋ? ಪೊಟ್ಟಣ ಕೈಯಲ್ಲಿ ಹಿಡಿದು ಅವಳ ಮುಖ ನೋಡಿದ್ದ. ಇಪ್ಪತ್ತೇಳರ ಹೆಂಗಸಿನ ಮುಖದೊಳಗೆ ಹದಿಮೂರರ ಹುಡುಗಿಯ ಮುಖ ಇದ್ದೇ ಇತ್ತು. ಕೆನ್ನೆಗೆ ಅರಿಶಿನ, ಹಣೆ ತುಂಬ ಕುಂಕುಮ, ತಲೆಗೆ ಮೊಗ್ಗಿನ ಜಡೆ, ಹಸಿರು ಚಪ್ಪರದೊಳಗೆ ಮಣೆಯ ಮೇಲೆ ಕೂತು, ಎದುರಿಗೆ ನಡೆಯುತ್ತಿರುವುದೇನೆಂದು ಅರ್ಥವಾಗದೆ ಪಿಳಿಪಿಳಿ ನೋಡುತ್ತಿದ್ದ ಹುಡುಗಿ. ಆಗಲಿ, ಹೇಳ್ತೀನಿ, ಎರಡು ದಿನ ಟೈಮು ಕೊಡು ಅಂದಿದ್ದ. ಎರಡು ದಿನ ಯಾಕೆ ಬೇಕೆಂದು ಅವಳು ಕೇಳಲಿಲ್ಲ.

ಅವನು ಕಸುಬಿನಲ್ಲಿ ಅಡಿಗೆಯವನಲ್ಲ. ನೀರಾವರಿ ಇಲಾಖೆಯಲ್ಲಿ ಸೌಡಿಯಾಗಿದ್ದ; ನಾಲೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವ ಕೆಲಸ. ಯಾವ ಗದ್ದೆ ಎಷ್ಟು ಕುಡಿಯುತ್ತದೆಂದು ನೋಡಿ ನೋಡಿಯೋ ಏನೋ, ಯಾವ ಜನ ಎಷ್ಟು ಉಣ್ಣುತ್ತದೆಂಬುದೂ ಅವನಿಗೆ ತಿಳಿಯತೊಡಗಿತ್ತು. ಒಂದು ಕಾಲಕ್ಕೆ ಹುಲ್ಲಹಳ್ಳಿಯಿಂದ ಕವಲಂದೆಯವರೆಗೆ ಮದುವೆ, ಬೀಗರೂಟ, ತಿಥಿ, ಏನೇ ಇದ್ದರೂ ಜನ ಸೈಕಲ್ ತುಳಿದುಕೊಂಡು ಅವನ ಜಗಲಿಗೆ ಬರುತ್ತಿದ್ದರು. ಅವನು ತಲೆ ಎಣಿಸುತ್ತಿರಲಿಲ್ಲ, ಮನೆ ಎಣಿಸುತ್ತಿದ್ದ. ಯಾವ ಮನೆಯಿಂದ ಒಬ್ಬ ಬಂದು ಮುಯ್ಯಿ ಕೊಟ್ಟು ಹೋಗುತ್ತಾನೆ, ಯಾವ ಮನೆಯವರು ಬಾಗಿಲಿಗೆ ಬೀಗ ಹಾಕಿಕೊಂಡು ಬರುತ್ತಾರೆ. ಅವತ್ತು ನಾಲೆಯಲ್ಲಿ ನೀರು ಇದೆಯೋ ಇಲ್ಲವೋ. ಇದ್ದರೆ ನಾಟಿ, ನಾಟಿಯಾದರೆ ಜನ ತಡವಾಗಿ ಬರುತ್ತಾರೆ, ತಡವಾಗಿ ಬಂದವರು ಒಂದೂವರೆ ಪಾಲು ಉಣ್ಣುತ್ತಾರೆ. ಹೀಗೆಲ್ಲ ಮನಸ್ಸಿನಲ್ಲೇ ಕೂಡಿ ಕಳೆದು ಇಷ್ಟು ಸೇರು ಎನ್ನುತ್ತಿದ್ದ. ಅಷ್ಟೇ. ಒಂದು ಕಾಸು ಮುಟ್ಟುತ್ತಿರಲಿಲ್ಲ. ಒಂದು ಕಟ್ಟಳೆ ಮಾತ್ರ ಇತ್ತು. ಅಂದಾಜು ಹೇಳಿದವನು ಕೊನೆಯ ಪಂಕ್ತಿ ಏಳುವವರೆಗೆ ಎಲೆಯ ಮುಂದೆ ಕೂರುವ ಹಾಗಿಲ್ಲ. ಅಕ್ಕಿ ಕಡಿಮೆ ಬಿದ್ದರೆ ಮೊದಲು ಉಪವಾಸ ಇರಬೇಕಾದವನು ಅವನು. ಹಸಿದ ಹೊಟ್ಟೆಯಲ್ಲಿ ಕೊಪ್ಪರಿಗೆಯ ಪಕ್ಕ ನಿಂತು, ಕೊನೆಯ ಪಂಕ್ತಿಗೆ ಬಡಿಸಿದ ಮೇಲೂ ತಳದಲ್ಲಿ ಎರಡು ಸೇರು ಅನ್ನ ಉಳಿದಿರುವುದನ್ನು ನೋಡುವಾಗ ಅವನಿಗಾಗುತ್ತಿದ್ದ ಹಿಗ್ಗು ಯಾವ ಊಟದಲ್ಲೂ ಸಿಗುವಂಥದ್ದಲ್ಲ. ಥೂ, ಆ ಹಿಗ್ಗಿಗೆ ಬೆಂಕಿ ಬೀಳಲಿ.

ನೀರು ಉಕ್ಕಿ ಒಲೆಗೆ ಬಿತ್ತು. ಹೊಗೆ ಕಣ್ಣಿಗೆ ಬಂತು. ಅವತ್ತೂ ಹೀಗೇ ಹೊಗೆ ಇತ್ತು. ತೊಂಬತ್ತನಾಲ್ಕರ ಬೇಸಿಗೆ, ದಿವ್ಯ ಮೈನೆರೆದಿದ್ದಳೆಂದು ಒಸಗೆ, ತಮ್ಮ ಆಗಿನ್ನೂ ಹಳ್ಳಿಯಲ್ಲೇ ಇದ್ದ. ಒಬ್ಬಳೇ ಮಗಳು, ಜೋರಾಗಿ ಮಾಡಬೇಕೆಂದು ಮೈಸೂರಿನಲ್ಲಿ ಕಾರ್ಡು ಅಚ್ಚು ಹಾಕಿಸಿದ. ಆ ಕಾರ್ಡನ್ನು ಜಗಲಿಯ ಮೇಲೆ ಕೂತು ಗೋವಿಂದಯ್ಯ ಬೆರಳಿಟ್ಟು ಓದಿದ್ದ. ಸುಖಾಗಮನ ಬಯಸುವವರು ಎಂಬ ಸಾಲಿನ ಕೆಳಗೆ ಮೊದಲ ಹೆಸರು ತಮ್ಮನ ಹೆಂಡತಿ ಪುಟ್ಟಗೌರಮ್ಮನ ಅಣ್ಣನದು, ಪಕ್ಕದಲ್ಲಿ ಅವನ ತಾಲ್ಲೂಕು ಕಚೇರಿಯ ನೌಕರಿ. ಆಮೇಲೆ ಇನ್ನಿಬ್ಬರು. ನಾಲ್ಕನೆಯದು ಗೋವಿಂದಯ್ಯ. ಬರೀ ಗೋವಿಂದಯ್ಯ. ಅಪ್ಪ ಸತ್ತ ಮೇಲೆ ಈ ತಮ್ಮನನ್ನು ಹೆಗಲ ಮೇಲೆ ಹೊತ್ತು ಸ್ಕೂಲಿಗೆ ಬಿಟ್ಟು ಬಂದವನು, ನಾಲ್ಕನೇ ಸಾಲಿನಲ್ಲಿ, ಹೆಸರಿನ ಪಕ್ಕ ಏನೂ ಇಲ್ಲದೆ. ಈಗ ನೆನೆದರೆ ನಗು ಬರಬೇಕು. ಬರುವುದಿಲ್ಲ. ಹದಿನಾಲ್ಕು ವರ್ಷವಾದರೂ ಆ ನಾಲ್ಕನೇ ಸಾಲು ಕಣ್ಣ ಮುಂದೆ ಬಂದರೆ ಕಿವಿ ಬಿಸಿಯಾಗುತ್ತದೆ. ಆ ಸಂಜೆ ತಮ್ಮ ಬಂದು ಅಣ್ಣ, ಐನೂರು ಜನ ಆಗಬಹುದು, ಅಕ್ಕಿ ಎಷ್ಟು ಹಾಕಿಸಲಿ ಎಂದು ಕೇಳಿದ. ಮನಸ್ಸಿನಲ್ಲಿ ತೊಂಬತ್ತು ಸೇರು ಎಂದು ಲೆಕ್ಕ ಮುಗಿದಿತ್ತು, ತಪ್ಪುವ ಲೆಕ್ಕವಲ್ಲ. ಬಾಯಿ ಅರವತ್ತು ಎಂದಿತು. ಅರವತ್ತು ಸೇರು ಧಾರಾಳ ಆಯ್ತದೆ ಓಗು, ಅಂದ. ತಮ್ಮ ಒಂದು ಗಳಿಗೆ ಅವನ ಮುಖ ನೋಡಿ, ಆಯ್ತಣ್ಣ ಎಂದು ಹೊರಟುಹೋದ. ವಾಪಸ್ಸು ಕರೆದು ಹೇಳಬಹುದಿತ್ತು. ಇನ್ನೂ ನಾಲ್ಕು ದಿನವಿತ್ತು. ನಾಲ್ಕು ದಿನವೂ ಅವನು ಬಾಯಿ ಬಿಗಿದುಕೊಂಡಿದ್ದ.

ಮೂರನೇ ಪಂಕ್ತಿ ಕೂತಿತ್ತು. ಎಲೆ ಹಾಕಿ, ನೀರು ಚಿಮುಕಿಸಿ, ಉಪ್ಪು ಪಲ್ಯ ಬಡಿಸಿಯಾಗಿತ್ತು. ಅನ್ನ ಬರಲಿಲ್ಲ. ಕೂತವರು ಮೊದಲು ಮಾತಾಡಿಕೊಂಡರು, ಆಮೇಲೆ ಕೆಮ್ಮಿದರು, ಆಮೇಲೆ ಒಬ್ಬ ದೊಡ್ಡವನು ಎಲೆಯನ್ನು ಮಡಿಸದೆ ಹಾಗೇ ಎದ್ದ. ಅವನ ಹಿಂದೆ ಇಡೀ ಸಾಲು ಎದ್ದಿತು. ಹಾಕಿದ ಎಲೆಯಿಂದ ಉಣ್ಣದೆ ಏಳುವುದನ್ನು ಗೋವಿಂದಯ್ಯ ಅದಕ್ಕೆ ಮುಂಚೆ ನೋಡಿರಲಿಲ್ಲ. ಅದಕ್ಕೆ ಒಂದು ಸದ್ದಿದೆ, ಪಂಚೆಗಳ ಸದ್ದು, ಚಾಪೆಯ ಸದ್ದು. ಮಹದೇವಯ್ಯ ಕೈಮುಗಿದುಕೊಂಡು ಸಾಲಿನ ಉದ್ದಕ್ಕೂ ಓಡಾಡಿದ. ಯಾರೋ ಅಂದಾಜು ಯಾರದು ಎಂದು ಕೇಳಿದರು. ಇನ್ಯಾರೋ, ಅಂದಾಜು ಗೋವಿಂದಯ್ಯಂದು ಕಣ್ರೀ, ಅದ್ ತಪ್ಪಾಕಿಲ್ಲ, ಅಡಿಗೆ ಯಾರದು ಕೇಳಿ, ಅಂದರು.

ಅಡಿಗೆ ಜವರಮ್ಮನದು. ಗಂಡ ಸತ್ತವಳು, ಸುತ್ತಮುತ್ತಲಿನ ಊರಿಗೆಲ್ಲ ಸೌಟು ಹಿಡಿದು ಒಬ್ಬಳೇ ಮಗಳನ್ನು ಸಾಕುತ್ತಿದ್ದವಳು. ಪುಟ್ಟಗೌರಮ್ಮ ಒಲೆಯ ಹತ್ತಿರ ಹೋಗಿ ಅವಳ ಚೀಲವನ್ನು ಎಳೆದು ಸುರಿದಳು. ಎಲೆಯಲ್ಲಿ ಕಟ್ಟಿದ್ದ ಒಂದು ಅನ್ನದ ಪೊಟ್ಟಣ ಬಿತ್ತು. ಅಡಿಗೆಯವಳು ಮನೆಯಲ್ಲಿರುವ ಮಗುವಿಗೆಂದು ಒಂದು ಪೊಟ್ಟಣ ಕಟ್ಟಿಕೊಳ್ಳುವುದು ಎಲ್ಲ ಊರಿನ ವಾಡಿಕೆ, ಪುಟ್ಟಗೌರಮ್ಮನಿಗೂ ಗೊತ್ತಿದ್ದದ್ದೇ. ಆದರೂ ಅವಳು ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು, ಕಳ್ಳಿ ಎಂದಳು, ಎಷ್ಟು ಸೇರು ಮನೆಗೆ ಸಾಗಿಸಿದೆ ಹೇಳು ಎಂದಳು. ಜವರಮ್ಮ ಗೋವಿಂದಯ್ಯನ ಕಡೆ ತಿರುಗಿ ನೋಡಿದಳು. ಅಂದಾಜು ಹೇಳಿದವನು ಕೊಪ್ಪರಿಗೆಯ ಪಕ್ಕ ಹಸಿದುಕೊಂಡು ನಿಂತಿರುತ್ತಾನೆ, ಎಷ್ಟು ಅಕ್ಕಿ ಬಿತ್ತು ಎಷ್ಟು ಅನ್ನ ಆಯಿತು ಎಂದು ಅವನಿಗೆ ಗೊತ್ತಿರುತ್ತದೆ, ಅವನು ಹೇಳುತ್ತಾನೆ ಎಂದು ಅವಳಿಗೆ ನಂಬಿಕೆ. ಗೋವಿಂದಯ್ಯ ಕೊಪ್ಪರಿಗೆಯೊಳಗೆ ನೋಡುತ್ತ ನಿಂತ. ಅಲ್ಲೇನೂ ಇರಲಿಲ್ಲ. ಅವತ್ತಿನಿಂದ ಅವಳನ್ನು ಯಾರೂ ಅಡಿಗೆಗೆ ಕರೆಯಲಿಲ್ಲ, ಆರು ತಿಂಗಳಿಗೆ ಊರು ಬಿಟ್ಟಳು. ಗೋವಿಂದಯ್ಯನನ್ನು ಮಾತ್ರ ಇನ್ನೂ ಮೂರು ನಾಲ್ಕು ವರ್ಷ ಜನ ಕೇಳುತ್ತಲೇ ಇದ್ದರು. ಅವನು ಹೇಳುತ್ತಲೂ ಇದ್ದ, ಸರಿಯಾಗಿಯೇ. ಆದರೆ ಯಾರ ಮನೆಯ ಸಮಾರಂಭದಲ್ಲೂ ಒಂದು ತುತ್ತು ಉಂಡಿಲ್ಲ. ಕೇಳಿದವರಿಗೆಲ್ಲ ಸಕ್ಕರೆ ಕಾಯಿಲೆ ಎನ್ನುತ್ತ ಬಂದ. ಸಕ್ಕರೆಯೂ ಇಲ್ಲ, ಸುಡುಗಾಡೂ ಇಲ್ಲ.

‘ಅದೇನ್ ಪಾಯಸಾನಾ, ಅಷ್ಟೊತ್ತು ಕುದಿಯಾಕೆ? ಗಂಜಿ ಆಗೋಗ್ತದೆ, ಇಳಿಸಿ,’ ಎಂದಳು ದೇವೀರಮ್ಮ.

ಇಳಿಸಿ ಬಸಿದ. ಒಂದು ಪಾವು ಎರಡು ಪಾವಿಗಿಂತ ತುಸು ಹೆಚ್ಚಾಗಿತ್ತು. ಅಕ್ಕಿಯಷ್ಟು ಉಬ್ಬುವ ಪೈಕಿ ಅಲ್ಲ. ದಿವ್ಯ ಹೇಳಿದ ಹಾಗೆ ತರಕಾರಿ ಹೆಚ್ಚಿ ಕಲಸಿಟ್ಟ. ಮಧ್ಯಾಹ್ನ ಮುಟ್ಟಿ ನೋಡಿದರೆ ರಸವನ್ನೆಲ್ಲ ಹೀರಿಕೊಂಡು ಒಂದಕ್ಕೊಂದು ಅಂಟಿ ಕೂತಿತ್ತು. ಹಾಗಾದರೆ ಮೊದಲೇ ಕಲಸುವಂತಿಲ್ಲ, ಬಡಿಸುವ ಹೊತ್ತಿಗೆ ಕಲಸಬೇಕು. ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟ. ಹುಳಿಗೆ ಮುಖ ಹಿಂಡುತ್ತವೆ ಅಂದುಕೊಂಡಿದ್ದರೆ, ಅವು ಒಂದೊಂದೇ ತಿರುಪನ್ನು ಬೆರಳಿಗೆ ಸಿಕ್ಕಿಸಿಕೊಂಡು ಆಡುತ್ತ ಆಡುತ್ತ ಬಟ್ಟಲು ಖಾಲಿ ಮಾಡಿದವು. ಮುದುಕಿಯೊಬ್ಬಳಿಗೆ ಕೊಟ್ಟರೆ ಒಂದು ಬಾಯಿಗೆ ಹಾಕಿ, ಉಗಿದು, ಇದ್ಯಾವ ಅವಾಂತರ ಅಂದಳು. ಗೋವಿಂದಯ್ಯನಿಗೆ ಸಿಟ್ಟಿನ ನಡುವೆಯೂ ಒಳಗೊಳಗೇ ಲೆಕ್ಕ ಓಡತೊಡಗಿತು. ನೂರಿಪ್ಪತ್ತು ಜನ. ಕಾರ್ಖಾನೆಯವರು ನಲವತ್ತು, ಅವರು ಎರಡೆರಡು ಸಲ ಹಾಕಿಸಿಕೊಳ್ಳುತ್ತಾರೆ. ನೆಂಟರಲ್ಲಿ ದೊಡ್ಡವರು ಐವತ್ತು, ಒಂದು ಚಮಚ ರುಚಿ ನೋಡಿ ಬಿಡುತ್ತಾರೆ. ಮಕ್ಕಳು ಮೂವತ್ತು, ಅವೇ ಮೋಸ ಮಾಡುವುದು, ಊಟ ಬಿಟ್ಟು ಇದನ್ನೇ ತಿನ್ನುತ್ತವೆ. ಸೈಬರ್ ಸೆಂಟರಿನ ಲೆಕ್ಕ ನಂಬಿದರೆ ಹನ್ನೆರಡು ಕೆಜಿ ಸುರಿದು ಏಳು ಕೆಜಿಯನ್ನು ಹಸುವಿಗೆ ಹಾಕಬೇಕಾಗುತ್ತದೆ. ಐದು ಕೆಜಿ. ಅರ್ಧ ಕೆಜಿಯ ಹತ್ತು ಪೊಟ್ಟಣ. ಸಂಖ್ಯೆ ಸರಿಯಾಗಿ ಬಂದು ಕೂತಾಗ ಎದೆಯಲ್ಲಿ ಆಗುವ ಹಗುರ ಆಯಿತು, ಆದ ತಕ್ಷಣ ತನ್ನ ಮೇಲೇ ಅಸಹ್ಯವಾಯಿತು. ಇಷ್ಟು ಚೆನ್ನಾಗಿ ಗೊತ್ತಿದ್ದವನಲ್ಲವೇ ನೀನು, ಅವತ್ತೂ ಇಷ್ಟೇ ಚೆನ್ನಾಗಿ ಗೊತ್ತಿತ್ತಲ್ಲವೇ.

ಅದು ಗೊತ್ತಿದ್ದೂ, ಇನ್ನೊಂದು ಸಲವೂ ಅವನು ಸುಳ್ಳು ಹೇಳಿದ್ದ. ಎರಡು ಸಾವಿರದ ಒಂದನೇ ಇಸವಿ, ಇಲಾಖೆಯ ಕೆಲಸಕ್ಕೆಂದು ಟಿ. ನರಸೀಪುರಕ್ಕೆ ಹೋಗಿದ್ದ. ಬಸ್ ಸ್ಟ್ಯಾಂಡಿನ ಒಂದು ಹೋಟೆಲಿನ ಹಿಂದೆ ಕೈ ತೊಳೆಯಲು ಹೋದರೆ ಜವರಮ್ಮ ನಲ್ಲಿಯ ಕೆಳಗೆ ಕೂತು ಲೋಟ ತೊಳೆಯುತ್ತಿದ್ದಳು. ಸಾವಿರ ಜನಕ್ಕೆ ಉಪ್ಪು ನೋಡದೆ ಅಡಿಗೆ ಮಾಡುತ್ತಿದ್ದ ಕೈ ಸೋಪಿನ ನೀರಿನಲ್ಲಿ ಬಿಳುಚಿಕೊಂಡಿತ್ತು. ಅವಳು ಸಿಟ್ಟಾಗಿದ್ದಿದ್ದರೆ, ಬೈದಿದ್ದರೆ, ಮುಖಕ್ಕೆ ಆ ನೀರನ್ನೇ ಎರಚಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಎದ್ದು ನಿಂತು ಸೆರಗಿಗೆ ಕೈ ಒರೆಸಿಕೊಂಡು ಅಣ್ಣಾ ಚೆನ್ನಾಗಿದ್ದೀರಾ, ಊಟ ಆಯ್ತಾ, ಅಕ್ಕ ಚೆನ್ನಾಗವ್ರಾ ಎಂದು ಕೇಳಿದಳು. ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿದಳು.

‘ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬೇಡಿ ಅಣ್ಣಾ. ಅವತ್ತು ತಪ್ಪಿದ್ದು ನನ್ ಕೈಯಾ, ನಿಮ್ ಲೆಕ್ಕವಾ? ನಂಗೊಬ್ಳಿಗೇ ಯೇಳಿ, ಯಾರ್ಗೂ ಯೇಳಾಕಿಲ್ಲ.’

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಕೇಳಿಸಿಕೊಳ್ಳಲು ನಲ್ಲಿ ಒಂದೇ ಇತ್ತು. ಗೋವಿಂದಯ್ಯ ಕೈ ತೊಳೆಯುತ್ತ, ನಿನ್ನ ಕೈ ಧಾರಾಳ ಆಯ್ತು ಕಣವ್ವ, ಮಗೀನ್ ಒಸಗೆ ಅಂತ ಮೊದಲ ಎರಡು ಪಂಕ್ತಿಗೆ ಕೈ ಬಿಚ್ಚಿ ಬಡಿಸಿಬಿಟ್ಟೆ, ಅಂದ. ಅವಳು ಅದನ್ನು ಯೋಚಿಸಿದಳು. ನಿಜವಾಗಿಯೂ ನೆನಪು ಮಾಡಿಕೊಂಡಳು. ಇರಬೋದು ಕಣಣ್ಣಾ, ಆ ಮಗಾ ಅಂದ್ರೆ ನಂಗೂ ಪಿರೂತಿ, ನಾನೇ ಎಲ್ಲೋ ಮೈಮರ್ತೆ ಏನೋ, ಅಂದಳು. ಕಳ್ಳಿ ಅಲ್ಲ, ಕೈ ಧಾರಾಳದವಳು ಎಂದಾಯಿತಲ್ಲ ಎಂದು ಅವಳ ಮುಖ ಕೊಂಚ ಹಗುರಾದದ್ದನ್ನು ಅವನು ನೋಡಿದ. ಬಸ್ಸಿನಲ್ಲಿ ವಾಪಸ್ಸು ಬರುವಾಗ ತಾನೊಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಳ್ಳಲು ಅವನು ಸುತ್ತೂರು ದಾಟುವವರೆಗೂ ಪ್ರಯತ್ನಪಟ್ಟ. ನಾಯಿಗಿಂತ ಕಡೆ. ನಾಯಿ ಕದ್ದು ತಿಂದು ಓಡಿಹೋಗುತ್ತದೆ, ಕದ್ದದ್ದನ್ನು ಇನ್ನೊಂದರ ಬಾಯಿಗೆ ಮೆತ್ತುವುದಿಲ್ಲ.

ಸಂಜೆ ದಿವ್ಯಳಿಗೆ ಫೋನು ಮಾಡಿದರೆ ಎತ್ತಿದವನು ಮಹದೇವಯ್ಯ. ಹತ್ತು ಪೊಟ್ಟಣ ಅಂತ ಹೇಳು, ಬಡಿಸುವಾಗಲೇ ಕಲಸಬೇಕು ಅಂತಲೂ ಹೇಳು, ಅಂದ ಗೋವಿಂದಯ್ಯ. ಆ ಕಡೆಯಿಂದ ತಮ್ಮ, ಸರಿಯಾಗಿ ಯೋಚನೆ ಮಾಡಿ ಹೇಳ್ತಾ ಇದೀಯ ತಾನೆ ಅಣ್ಣ, ಎಂದು ಕೇಳಿದ. ತೀರಾ ಸಾಧಾರಣ ಮಾತು. ಫೋನು ಇಟ್ಟ ಮೇಲೆ ಅದು ಕಾಲಿಗೆ ಹೊಕ್ಕ ಮುಳ್ಳಿನ ಹಾಗೆ ನೋಯತೊಡಗಿತು. ಈ ಮಾತನ್ನು ತಮ್ಮ ಯಾಕೆ ಕೇಳಿದ? ಹದಿನಾಲ್ಕು ವರ್ಷ ಅವನ ಅಂದಾಜನ್ನು ಆ ಮನೆಯವರು ಯಾಕೆ ಕೇಳಲಿಲ್ಲ? ದೇವೀರಮ್ಮ ಅದೇನು ಎಂದು ಕೇಳಿದ್ದಕ್ಕೆ, ಏನಿಲ್ಲ ಸುಮ್ನಿರು, ಎಂದು ಗದರಿದ. ಅವಳು ಅದೆಷ್ಟೋ ವರ್ಷದಿಂದ ಸುಮ್ಮನೆಯೇ ಇದ್ದಳು.

ಭಾನುವಾರ ಶಾಮಿಯಾನದ ತುಂಬ ಬಲೂನು ಕಟ್ಟಿದ್ದರು. ಕುರ್ಚಿಗಳು ಪ್ಲಾಸ್ಟಿಕ್ಕಿನವು, ಪಂಕ್ತಿಯಿಲ್ಲ, ಎಲೆಯಿಲ್ಲ, ಜನ ತಟ್ಟೆ ಹಿಡಿದು ತಾವೇ ಹೋಗಿ ಹಾಕಿಸಿಕೊಂಡು ಬರುವುದು. ಹಳ್ಳಿಯಿಂದ ಟೆಂಪೊದಲ್ಲಿ ಬಂದ ನೆಂಟರು ಒಂದು ಕಡೆ ಗುಂಪಾಗಿದ್ದರು, ಅವತ್ತು ಎಲೆಯಿಂದ ಎದ್ದವರಲ್ಲಿ ಬದುಕಿದ್ದವರೆಲ್ಲ ಅಲ್ಲೇ ಇದ್ದರು. ಕೇಕು ಕತ್ತರಿಸಿ, ಮೈಕು ಹಿಡಿದ ಒಬ್ಬ ಮನುಷ್ಯ ಮಕ್ಕಳಿಗೆ ಆಟ ಆಡಿಸಿ, ಊಟ ಶುರುವಾಯಿತು. ಯಾರೂ ಹೇಳದಿದ್ದರೂ ಗೋವಿಂದಯ್ಯ ಹೋಗಿ ಸಲಾಡಿನ ಪಾತ್ರೆಯ ಹಿಂದೆ ನಿಂತ. ದಿವ್ಯ ಅವನ ಮುಂದೆಯೇ ಕಲಸಿದಳು. ಅವನು ಊಹಿಸಿದ ಹಾಗೇ ನಡೆಯಿತು. ಕಾರ್ಖಾನೆಯ ಹುಡುಗಿಯರು ಎರಡೆರಡು ಸಲ ಬಂದರು. ನೆಂಟರು ಒಂದು ಚಮಚ ಹಾಕಿಸಿಕೊಂಡು, ತಟ್ಟೆಯ ಅಂಚಿಗೆ ತಳ್ಳಿದರು. ಮಕ್ಕಳು ಮುತ್ತಿದವು, ಹೋದವು, ಮತ್ತೆ ಮುತ್ತಿದವು. ಒಂದೂವರೆ ಗಂಟೆಗೆ ಪಾತ್ರೆಯ ತಳದಲ್ಲಿ ಎರಡು ಸೌಟಿನಷ್ಟು ಉಳಿದಿತ್ತು, ಬರಬೇಕಾದವರು ಯಾರೂ ಉಳಿದಿರಲಿಲ್ಲ. ದಿವ್ಯ ದೂರದಿಂದಲೇ ಅದನ್ನು ನೋಡಿ ಅವನ ಕಡೆ ತಲೆಯಾಡಿಸಿ ನಕ್ಕಳು. ಅಣಕದ ನಗುವಲ್ಲ, ಅದು ಅವತ್ತೂ ಅಣಕದ್ದಾಗಿರಲಿಲ್ಲ ಎಂದು ಗೋವಿಂದಯ್ಯನಿಗೆ ಈಗ ತಿಳಿಯಿತು.

ಮಹದೇವಯ್ಯ ಒಂದು ತಟ್ಟೆಗೆ ಆ ಎರಡು ಸೌಟನ್ನೂ ಹಾಕಿ ಅಣ್ಣನ ಕೈಗಿಟ್ಟ. ಹೆಗಲ ಮೇಲೆ ಕೈ ಹಾಕಿದ.

‘ತಗೋ, ಉಣ್ಣು. ಈ ಸಲ ಸರಿಯಾಗಿ ಹೇಳ್ದೆ ಕಣಣ್ಣ.’

‘ಈ ಸಲ ಅಂದ್ರೆ?’

ತಮ್ಮ ನಕ್ಕ. ಮುಚ್ಚಿಡುವಂಥದ್ದು ಏನೂ ಇಲ್ಲವೆನ್ನುವ ಹಾಗೆ, ಹಳೆಯ ಕೀಟಲೆಯೊಂದನ್ನು ನೆನೆಸಿಕೊಂಡ ಹಾಗೆ ನಕ್ಕ. ‘ಅರವತ್ತು ಅಂದಾಗ್ಲೇ ನಂಗೊತ್ತಾಯ್ತು. ಕಾರ್ಡ್ ನೋಡಿ ನೀನು ಉರ್ಕಂಡಿದ್ದು ನಂಗೆ ಕಾಣ್ಲಿಲ್ವಾ? ಅಷ್ಟು ಸಾಲಾಕಿಲ್ಲ ಅಂತ ಎದುರಾಡಿದ್ರೆ ನಿಂಗೆ ಅವಮಾನ ಆಯ್ತಿತ್ತು. ಹೋಗ್ಲಿ ಬುಡು ಅಂತ ಸುಮ್ನಾದೆ.’

‘ಮತ್ತೆ ಜವರಮ್ಮ?’

‘ಅಷ್ಟು ಜನದ ಮುಂದೆ ಅಣ್ಣನ್ನ ನಿಲ್ಸಾಕಾಯ್ತದಾ? ಅವ್ಳು ಯೆಂಗೂ ಹೊರಗ್ನೋಳು. ಮನೆ ಮಾನ ಉಳೀತಲ್ಲ, ತಿನ್ನು ತಿನ್ನು.’

ತಟ್ಟೆ ಗೋವಿಂದಯ್ಯನ ಕೈಯಲ್ಲಿತ್ತು. ಬೆಳಗಿನಿಂದ ಏನೂ ತಿಂದಿರದ ಹೊಟ್ಟೆ ನಿಂಬೆಹುಳಿಯ ವಾಸನೆಗೆ ಹಿಂಡುತ್ತಿತ್ತು. ಹದಿನಾಲ್ಕು ವರ್ಷ ಅವನು ಗೊತ್ತಾಗಿಬಿಟ್ಟರೆ ಎಂದು ಹೆದರಿಕೊಂಡು ಬದುಕಿದ್ದ, ಹೆಂಡತಿಯ ಹತ್ತಿರ ಬಾಯಿಬಿಡದೆ, ಯಾರ ಮನೆಯಲ್ಲೂ ಅನ್ನ ಮುಟ್ಟದೆ. ಅಷ್ಟು ವರ್ಷವೂ ಈ ಮನುಷ್ಯ ಎಲ್ಲ ಗೊತ್ತಿದ್ದು ಉಂಡು ಮಲಗಿ ಸುಖವಾಗಿದ್ದ. ಅದು ಗುಟ್ಟೂ ಆಗಿರಲಿಲ್ಲ, ಅಣ್ಣ ತಮ್ಮಂದಿರ ನಡುವಿನ ಒಂದು ಸಣ್ಣ ಮರ್ಯಾದೆಯಾಗಿತ್ತು. ಒಬ್ಬ ಬೇಕೆಂದೇ ತಪ್ಪು ಹೇಳಿದ, ಇನ್ನೊಬ್ಬ ತಿಳಿದೇ ಒಪ್ಪಿಕೊಂಡ, ಲೋಟ ತೊಳೆದವಳು ಮೂರನೆಯವಳು. ಹೆಗಲ ಮೇಲಿದ್ದ ತಮ್ಮನ ಕೈಯನ್ನು ಅವನು ಕೊಡವಿದ. ಇಂಥ ಸಿಟ್ಟು ಅವನಿಗೆ ಆ ಕಾರ್ಡು ಓದಿದ ದಿನವೂ ಬಂದಿರಲಿಲ್ಲ. ಮಾನವಂತೆ, ಮಾನ. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದ. ಕೇಕಿನ ಪಕ್ಕ ಮೈಕು ಬಿದ್ದಿತ್ತು, ಆಟ ಆಡಿಸಿದವನು ಊಟಕ್ಕೆ ಹೋಗಿದ್ದ. ಅದನ್ನು ಎತ್ತಿಕೊಂಡ. ಇದು ದಿವ್ಯಳ ಮಗುವಿನ ಹಬ್ಬ, ಇವಳ ಸಮಾರಂಭವನ್ನು ಇನ್ನೊಂದು ಸಲ ಕೆಡಿಸುತ್ತಿದ್ದೀಯ ಎಂದು ತಲೆಯೊಳಗೆ ಯಾರೋ ಹೇಳಿದರು. ನರಸೀಪುರದ ನಲ್ಲಿಯ ಹತ್ತಿರವೂ ಹೀಗೇ ಏನೋ ಒಂದನ್ನು ಹೇಳಿ ತಡೆದದ್ದು ತಲೆಯೊಳಗಿನ ಆ ದನಿಯೇ. ಸೌಂಡ್ ಬಾಕ್ಸಿನಲ್ಲಿ ಹಾಡು ಕೂಗುತ್ತಿತ್ತು. ಮೈಕು ಹಿಡಿದ ಅವನ ಮುಖವನ್ನು ದಿವ್ಯ ನೋಡಿದಳು, ಒಂದು ಗಳಿಗೆ ನಿಂತಳು, ಆಮೇಲೆ ಹೋಗಿ ಹಾಡನ್ನು ನಿಲ್ಲಿಸಿದಳು.

ಅವನ ದನಿ ಬಾಕ್ಸಿನಿಂದ ಹೊರಬಂದಾಗ ಅವನಿಗೇ ಗುರುತು ಸಿಗಲಿಲ್ಲ.

‘ತೊಂಬತ್ನಾಲ್ಕ್ರಲ್ಲಿ ಈ ದಿವ್ಯನ್ ಒಸಗೇಲಿ ನೀವೆಲ್ಲ ಎಲೆ ಬಿಟ್ಟು ಎದ್ರಿ. ಬೇಕಾಗಿದ್ದು ತೊಂಬತ್ತು ಸೇರು ಅಕ್ಕಿ. ಗೊತ್ತಿದ್ದೂ ನಾನು ಅರವತ್ತು ಅಂತ ಯೇಳ್ದೆ. ಹೊಟ್ಟೆ ಉರಿಗೆ ಯೇಳ್ದೆ. ಜವರಮ್ಮ ಒಂದ್ ಹಿಡಿ ಅಕ್ಕಿ ಕದ್ದಿರ್ಲಿಲ್ಲ.’

ಮೈಸೂರಿನ ಕೇಟರಿಂಗಿನವರು ಸೌಟು ಹಿಡಿದು ನಿಂತರು. ಮಹದೇವಯ್ಯ ಅಣ್ಣಾ ಎಂದು ಪಿಸುಗುಟ್ಟಿ ಮೈಕಿನ ತಂತಿಗೆ ಕೈ ಹಾಕಿದ. ದೇವೀರಮ್ಮ ನೆಂಟರ ಗುಂಪಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು, ಅವಳಿಗೂ ಇದು ಹೊಸದೋ ಅಲ್ಲವೋ ಮುಖ ಕಾಣುತ್ತಿರಲಿಲ್ಲ. ಪುಟ್ಟಗೌರಮ್ಮ ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಮುಂದಿನ ಸಾಲಿನಲ್ಲಿದ್ದಳು. ಅವಳು ಬೈಯುತ್ತಾಳೆ, ಕೂಗುತ್ತಾಳೆ ಎಂದು ಗೋವಿಂದಯ್ಯ ಕಾದ. ಅದಕ್ಕೆ ಸಿದ್ಧನಾಗಿದ್ದ. ಅವಳು ಹುಬ್ಬು ಗಂಟಿಕ್ಕಿ, ನಿಜವಾಗಿಯೂ ನೆನಪಿಗೆ ಬಾರದವಳ ಹಾಗೆ, ಪಕ್ಕದವಳ ಕಡೆ ತಿರುಗಿದಳು.

‘ಯಾವ ಜವರಮ್ಮ?’

ಪಕ್ಕದವಳಿಗೂ ಗೊತ್ತಿರಲಿಲ್ಲ. ಅವಳು ಇನ್ನೊಬ್ಬಳನ್ನು ಕೇಳಿದಳು. ಆ ಹೆಸರು ಕುರ್ಚಿಯಿಂದ ಕುರ್ಚಿಗೆ ಹೋಯಿತು, ಯಾರ ಹತ್ತಿರವೂ ನಿಲ್ಲಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ, ಏನೋ ಹಳೇ ಸಮಾಚಾರ ಬುಡ್ರಲಾ, ಟೆಂಪೊ ಕಾಯ್ತಾ ಅದೆ, ಎಂದು ಪಂಚೆ ಎತ್ತಿ ಕಟ್ಟಿದ. ಇನ್ನಿಬ್ಬರು ಎದ್ದರು. ಕುರ್ಚಿಗಳು ಸರಿದ ಸದ್ದಾಯಿತು. ಅವತ್ತು ಚಾಪೆಯ ಮೇಲೆ ಆದ ಸದ್ದೇ ಅದು. ಗೋವಿಂದಯ್ಯ ತಂತಿಯನ್ನು ತಮ್ಮನ ಕೈಯಿಂದ ಕಿತ್ತುಕೊಂಡ.

‘ಯಾರೂ ಏಳ್ಬೇಡಿ,’ ಅಂದ. ‘ಕೂತ್ಕಳಿ. ಯಾವ ಜವರಮ್ಮ ಅಂತ ಯೇಳ್ತೀನಿ.’